ವಿಮಾನದ ಮೈಮೇಲಿನ ಬೊಟ್ಟು: ಕೇಸರಿ ಹೊರಗೋ, ಹಸಿರು ಹೊರಗೋ?

ಪ್ರಶ್ನೆ: ರಜೆಯಲ್ಲಿ ಶಿರಸಿಯಿಂದ ಕಾರವಾರಕ್ಕೆ ಹೋಗಿ ಟಾಗೋರ್ ಕಡಲತೀರದ ಟುಪೊಲೆವ್ ವಿಮಾನ ನೋಡಿ ಬಂದೆವು. ಎಂಟನೇ ತರಗತಿಯ ಮಗಳು ಶಾಲೆಯ ಚಿತ್ರ ಸ್ಪರ್ಧೆಗೆ ಅದನ್ನೇ ಬರೆದಳು. ವಿಮಾನದ ಮೇಲಿನ ತ್ರಿವರ್ಣದ ವೃತ್ತದಲ್ಲಿ ಕೇಸರಿಯನ್ನು ಹೊರಗೆ, ಹಸಿರನ್ನು ನಡುವೆ ಹಾಕಿದ್ದಳು. ನೋಡಿದವರೊಬ್ಬರು "ಇದು ಉಲ್ಟಾ ಆಯ್ತು, ಮಧ್ಯದಲ್ಲಿ ಅಶೋಕ ಚಕ್ರವೂ ಇಲ್ಲ" ಅಂದರಂತೆ. ಯಾರು ಸರಿ? ಅದು ವಾಯುಪಡೆಯ ಗುರುತಾದರೆ ನೌಕಾಪಡೆಯ ವಿಮಾನದ ಮೇಲೆ ಯಾಕಿದೆ? ವಾಯುಪಡೆಯ ಧ್ವಜ ಈಚೆಗೆ ಬದಲಾಗಿದೆ ಅಂತ ಓದಿದ ನೆನಪು, ಅದೂ ಹೌದಾ?

ಉತ್ತರ: ನಿಮ್ಮ ಮಗಳೇ ಸರಿ. ಕೇಸರಿ ಹೊರಗೆ, ಬಿಳಿ ನಡುವೆ, ಹಸಿರು ಒಳಗೆ. ಚಕ್ರ ಇಲ್ಲ. ಸ್ಪರ್ಧೆಯ ಮಟ್ಟಿಗೆ ಇಷ್ಟು ಸಾಕು. ಆದರೆ "ಉಲ್ಟಾ" ಅಂದವರ ಮಾತಲ್ಲೇ ಒಂದು ಒಳ್ಳೆಯ ಪ್ರಶ್ನೆ ಅಡಗಿದೆ, ಅದನ್ನು ಸುಮ್ನೆ ಬಿಡೋಕೆ ಮನಸ್ಸಿಲ್ಲ. ವಾಯುಪಡೆಯಲ್ಲಿ ಇಪ್ಪತ್ತು ವರ್ಷ ವಿಮಾನದ ಮೈ ರಿಪೇರಿ ಮಾಡಿದವನು ನಾನು. ಈ ಬೊಟ್ಟನ್ನು ಎಷ್ಟು ಸಲ ಉಜ್ಜಿ ತೆಗೆದು ಮತ್ತೆ ಬರೆದಿದ್ದೇನೋ ಲೆಕ್ಕವಿಲ್ಲ.

ಬಾವುಟಕ್ಕೆ ಮೇಲೆ ಕೆಳಗೆ ಅಂತ ಇದೆ. ಕೇಸರಿ ಕೆಳಗಾದರೆ ಅದು ತಪ್ಪು, ಅಪಮಾನ ಕೂಡ. ವಿಮಾನಕ್ಕೆ ಮಾತ್ರ ಮೇಲೆ ಕೆಳಗೆ ಅನ್ನೋದು ಗ್ಯಾರಂಟಿ ಇಲ್ಲ. ಅದು ಮಗುಚುತ್ತದೆ, ಪಕ್ಕಕ್ಕೆ ವಾಲುತ್ತದೆ, ಮೂತಿ ಕೆಳಗೆ ಮಾಡಿ ಎರಗುತ್ತದೆ. ಅದರ ಮೇಲೆ ಬಾವುಟ ಬರೆದರೆ ಅರ್ಧ ಹೊತ್ತು ಅದು ತಲೆಕೆಳಗೇ ಇರುತ್ತದೆ. ವೃತ್ತವನ್ನು ಹೇಗೆ ತಿರುಗಿಸಿದರೂ ವೃತ್ತವೇ. ಹಾಗಾಗಿ ಇದರಲ್ಲಿ ಉಲ್ಟಾ ಆಗುವ ಜಾಗವೇ ಇಲ್ಲ. ಒಳಗೆ ಹೊರಗೆ ಎರಡೇ. ಇಂಗ್ಲಿಷಿನವರು ಇದನ್ನು ರೌಂಡಲ್ ಅಂತಾರೆ, ನಾವೂ ಹ್ಯಾಂಗರಿನಲ್ಲಿ ಹಾಗೇ ಅನ್ನುತ್ತಿದ್ದೆವು.

ರೌಂಡಲ್ ಅನ್ನೋದು ಅಲಂಕಾರಕ್ಕೆ ಹುಟ್ಟಿದ್ದಲ್ಲ. ನೆಲದಲ್ಲಿ ಬಂದೂಕು ಹಿಡಿದು ನಿಂತವನಿಗೆ "ಹೊಡೀಬೇಡ ಮಾರಾಯಾ, ನಾನು ನಿನ್ನವನು" ಅಂತ ಕೂಗಿ ಹೇಳೋಕೆ ಹುಟ್ಟಿದ್ದು. ಅದರ ಆಕಾರ, ಬಣ್ಣ, ಜಾಗ, ಎಲ್ಲವನ್ನೂ ಆ ಬಂದೂಕಿನವನ ಕಣ್ಣಿಂದ ನೋಡಿದರೆ ಅರ್ಥ ಆಗುತ್ತದೆ.

ಯಕ್ಷಗಾನ ನೋಡಿದವರಿಗೆ ಇದು ಹೊಸದೇನಲ್ಲ. ಬಯಲಾಟದಲ್ಲಿ ಕೊನೇ ಸಾಲಿನ ಹಿಂದೆ, ಕಡ್ಲೆ ಮಾರುವವನ ಪಕ್ಕ ನಿಂತು ನೋಡುವವನಿಗೆ ಮುಖದ ಭಾವ ಎಲ್ಲಿ ಕಾಣಬೇಕು? ತಲೆಯ ಮೇಲೆ ಕೇದಗೆ ಮುಂದಲೆ ಕಂಡರೆ ಅಭಿಮನ್ಯುವೋ ಬಭ್ರುವಾಹನನೋ, ಯಾವುದೋ ಎಳೇ ವೀರ ಅಂತ ಗೊತ್ತಾಯ್ತು. ಬಣ್ಣದ ವೇಷದ ಅಬ್ಬರದ ಮುಖ ಕಂಡರೆ ರಾಕ್ಷಸ. ಭಾಗವತರು ಹೆಸರು ಹೇಳುವ ಮೊದಲೇ ತೀರ್ಮಾನ ಆಗಿರುತ್ತದೆ. ವಿಮಾನದ ವೇಷವೂ ಅಷ್ಟೆ. ಕಂಡು ಮರೆಯಾಗೋಕೆ ನಾಲ್ಕೈದು ಸೆಕೆಂಡು. ಅಷ್ಟರಲ್ಲಿ ಯಾರ ಪೈಕಿ ಅಂತ ತಿಳಿಯಬೇಕು.

ಇದನ್ನು ಮೊದಲು ಕಂಡುಕೊಂಡವರು ಫ್ರೆಂಚರು. ಅವರ ಕ್ರಾಂತಿಯ ಕಾಲದಲ್ಲಿ ಜನ ಟೋಪಿಗೆ ಸಿಕ್ಕಿಸಿಕೊಳ್ಳುತ್ತಿದ್ದ ಮೂರು ಬಣ್ಣದ ರಿಬ್ಬನ್ ಹೂವು ಇತ್ತಲ್ಲ, ಅದನ್ನೇ 1912ರಲ್ಲಿ ವಿಮಾನಕ್ಕೆ ತಂದರು. ನಡುವೆ ನೀಲಿ, ಆಮೇಲೆ ಬಿಳಿ, ಹೊರಗೆ ಕೆಂಪು. ಬ್ರಿಟಿಷರು ಮಾತ್ರ ಒಂದನೇ ಮಹಾಯುದ್ಧದ ಶುರುವಿನಲ್ಲಿ ರೆಕ್ಕೆ ಮೇಲೆ ತಮ್ಮ ಯೂನಿಯನ್ ಜ್ಯಾಕ್ ಬರೆದುಕೊಂಡು ಹೊರಟರು. ಹತ್ತಿರದಿಂದ ಚೆಂದ. ದೂರದಿಂದ ನೋಡಿದರೆ ಅದರ ನಡುವಿನ ಶಿಲುಬೆ ಒಂದೇ ಎದ್ದು ಕಾಣುತ್ತದೆ, ಜರ್ಮನರ ವಿಮಾನದ ಮೇಲೂ ಶಿಲುಬೆಯೇ! ತಮ್ಮವರ ಗುಂಡು ತಮ್ಮವರಿಗೇ. 1914 ಮುಗಿಯುವ ಹೊತ್ತಿಗೆ ಬುದ್ಧಿ ಬಂದು, ಫ್ರೆಂಚರ ವೃತ್ತವನ್ನೇ ತೆಗೆದುಕೊಂಡು ಬಣ್ಣ ಒಳಹೊರಗು ಮಾಡಿದರು. ಕೆಂಪು ಒಳಗೆ, ನೀಲಿ ಹೊರಗೆ.

ನಮಗೆ ಬಂದದ್ದು ಅದು. ಭಾರತೀಯ ವಾಯುಪಡೆ ಕಾಗದದ ಮೇಲೆ ಹುಟ್ಟಿದ್ದು 1932ರ ಅಕ್ಟೋಬರ್ 8ರಂದು. ಮೊದಲ ತುಕಡಿ ಶುರುವಾದದ್ದು 1933ರ ಏಪ್ರಿಲ್ 1ಕ್ಕೆ, ಕರಾಚಿಯ ಡ್ರಿಗ್ ರೋಡ್‌ನಲ್ಲಿ, 4 ವಾಪಿಟಿ ವಿಮಾನಗಳ ಜೊತೆ. ಎರಡು ಅಂತಸ್ತಿನ ರೆಕ್ಕೆಯ ಹಳೇ ಕಾಲದ ವಿಮಾನ ಅದು. ಮೈಮೇಲೆ ಬ್ರಿಟಿಷರ ಕೆಂಪು ಬಿಳಿ ನೀಲಿ ಬೊಟ್ಟು.

ಎರಡನೇ ಮಹಾಯುದ್ಧದಲ್ಲಿ ಬರ್ಮಾ ಕಡೆ ಜಪಾನಿನ ಜೊತೆ ಕಾದಾಟ ಶುರುವಾದಾಗ ಒಂದು ತಾಪತ್ರಯ ಎದುರಾಯಿತು. ಜಪಾನಿನ ಗುರುತು ಬರೀ ಒಂದು ಕೆಂಪು ಸೂರ್ಯ. ಬ್ರಿಟಿಷ್ ಬೊಟ್ಟಿನ ನಡುವೆಯೂ ಕೆಂಪು. ಮಳೆಗಾಲದ ಮೋಡದ ಮಧ್ಯೆ, ಮರದ ತುದಿಯ ಎತ್ತರದಲ್ಲಿ ವಿಮಾನ ಸರ್ರಂತ ಹೋದರೆ ನೀಲಿ ಅಂಚು ಯಾರಿಗೆ ಕಾಣಬೇಕು? ಕೆಂಪು ಕಂಡರೆ ಸಾಕು, ತೋಪು ಸಿಡಿಯುತ್ತಿತ್ತು. ಅದಕ್ಕೆ ಈ ಭಾಗದ ವಿಮಾನಗಳಿಂದ ಕೆಂಪನ್ನೇ ತೆಗೆದುಹಾಕಿದರು. ಕಡು ನೀಲಿಯೊಳಗೆ ತಿಳಿ ನೀಲಿಯ ಬೊಟ್ಟು ಉಳಿಯಿತು. ನಮ್ಮ ಹರಿಕೇನ್, ಸ್ಪಿಟ್‌ಫೈರ್‌ಗಳು ಬರ್ಮಾದಲ್ಲಿ ಕಾದಿದ್ದು ಈ ಎರಡು ನೀಲಿಯಲ್ಲೇ. ಅಮೆರಿಕದವರಿಗೂ ಇದೇ ಪಾಡು. ಅವರ ಬಿಳಿ ನಕ್ಷತ್ರದ ನಡುವೆ ಒಂದು ಕೆಂಪು ಚುಕ್ಕಿ ಇತ್ತು, 1942ರಲ್ಲಿ ಅದನ್ನು ಅಳಿಸಿದರು.

ಈಗ ಚಕ್ರದ ವಿಷಯ. "ಅಶೋಕ ಚಕ್ರ ಇಲ್ಲ" ಅಂದವರದ್ದು ಪೂರ್ತಿ ತಪ್ಪೂ ಅಲ್ಲ. ಸ್ವಾತಂತ್ರ್ಯ ಬಂದ ಹೊಸತರಲ್ಲಿ, ಗಣರಾಜ್ಯ ಆಗೋಕೆ ಮುಂಚೆ, ನಮ್ಮ ವಿಮಾನದ ರೌಂಡಲ್ ಚಕ್ರವೇ ಆಗಿತ್ತು. ಬಿಳಿಯ ಮೇಲೆ ನೀಲಿ ಚಕ್ರ. ಆಗಿನ ಪರಿಸ್ಥಿತಿ ಸ್ವಲ್ಪ ಯೋಚಿಸಿ. ದೇಶ ಇಬ್ಭಾಗವಾದಾಗ ವಿಮಾನಗಳೂ ಪಾಲಾದವು, ಮನೆ ಪಾಲಾದಾಗ ಕೊಪ್ಪರಿಗೆ ಕೊಳಗ ಪಾಲಾದ ಹಾಗೆ. ಟೆಂಪೆಸ್ಟ್, ಡಕೋಟಾ ಎರಡೂ ಆ ಕಡೆಗೂ ಹೋದವು, ಈ ಕಡೆಗೂ ಉಳಿದವು. ಆಕಾರ ಒಂದೇ, ಎಂಜಿನ್ನಿನ ಸದ್ದು ಒಂದೇ. ಕಾಶ್ಮೀರದಲ್ಲಿ ಯುದ್ಧ ನಡೆದಾಗ ಯಾರು ಯಾರ ಪೈಕಿ ಅಂತ ಹೇಳೋಕೆ ಮೈಮೇಲಿನ ಬಣ್ಣ ಬಿಟ್ಟರೆ ಬೇರೆ ಏನಿತ್ತು?

1950ರಲ್ಲಿ ಗಣರಾಜ್ಯವಾಗಿ, ವಾಯುಪಡೆಯ ಹೆಸರಿನ ಮುಂದಿದ್ದ "ರಾಯಲ್" ಉದುರಿತು. ಅದರ ಜೊತೆಗೆ ಚಕ್ರದ ರೌಂಡಲ್ ಹೋಗಿ ಈಗಿನ ಕೇಸರಿ ಬಿಳಿ ಹಸಿರು ಬಂತು. ನನ್ನನ್ನು ಕೇಳಿದರೆ ಬದಲಾದದ್ದು ಒಳ್ಳೆಯದೇ ಆಯಿತು. ಚಕ್ರಕ್ಕೆ 24 ಕಡ್ಡಿ. ಕೈಯಲ್ಲಿ ಹಿಡಿದ ಬಾವುಟದಲ್ಲಿ ಅವು ಚೆಂದ. ಮಗಳಿಗೆ ಒಂದು ಕೆಲಸ ಹೇಳಿ. ಊಟದ ತಟ್ಟೆ ಅಳತೆಯ ಎರಡು ವೃತ್ತ ಬರೆಯಲಿ, ಒಂದರಲ್ಲಿ ನೀಲಿ ಚಕ್ರ, ಇನ್ನೊಂದರಲ್ಲಿ ಮೂರು ಬಣ್ಣದ ಬಳೆ. ಎರಡನ್ನೂ ಮನೆ ಗೋಡೆಗೆ ಅಂಟಿಸಿ ಅಂಗಳ ದಾಟಿ ಗದ್ದೆ ಅಂಚಿನವರೆಗೆ ನಡೆಯುತ್ತಾ ತಿರುಗಿ ತಿರುಗಿ ನೋಡಲಿ. ನಾನು ಮೊಮ್ಮಗನ ಜೊತೆ ಮಾಡಿ ನೋಡಿದ್ದೇನೆ. ಕಡ್ಡಿಗಳು ಮೊದಲು ಒಂದಕ್ಕೊಂದು ಅಂಟುತ್ತವೆ, ಆಮೇಲೆ ಇಡೀ ಚಕ್ರ ಒಂದು ಮಾಸಲು ನೀಲಿ ಕಲೆ ಆಗುತ್ತದೆ. ಕೇಸರಿ ಹಸಿರು ಅಷ್ಟು ಬೇಗ ಸೋಲುವುದಿಲ್ಲ. ನಡುವೆ ಬಿಳಿ ಇರೋದಕ್ಕೇ ಅವೆರಡೂ ಕಲಸಿಹೋಗದೆ ನಿಲ್ಲುತ್ತವೆ.

ಬರೆಯೋದು ಹೇಗೆ ಅಂತಲೂ ಹೇಳಿಬಿಡುತ್ತೇನೆ, ಇದು ನನ್ನ ಇಷ್ಟದ ವಿಷಯ. ವಿಮಾನದ ಮೈ ತೆಳು ಅಲ್ಯೂಮಿನಿಯಂ. ಅದಕ್ಕೆ ಕಂಪಾಸಿನ ಮೊಳೆ ಚುಚ್ಚುವ ಹಾಗಿಲ್ಲ. ಒಂದು ಸಣ್ಣ ಗೀರು ಬಿದ್ದರೂ ಅಲ್ಲಿಂದ ಬಿರುಕು ಶುರುವಾಗಬಹುದು. ನಾವು ನಡುವಿನ ಜಾಗಕ್ಕೆ ಟೇಪನ್ನು ನಾಲ್ಕೈದು ಪದರ ಅಂಟಿಸಿ, ಅದರ ಮೇಲೆ ಕಂಪಾಸಿನ ಕಾಲು ಊರುತ್ತಿದ್ದೆವು. ಹಳೇ ಬಣ್ಣ ಉಜ್ಜಿ, ಎಣ್ಣೆ ಪಸೆ ಒರೆಸಿ, ಮೊದಲು ಇಡೀ ವೃತ್ತಕ್ಕೆ ಬಿಳಿ. ಬಿಳಿ ಪೂರ್ತಿ ಒಣಗಿದ ಮೇಲೆ ಅದರ ಮೇಲೆ ಟೇಪು ಸುತ್ತಿ ಒಳಗೆ ಹಸಿರು, ಹೊರಗೆ ಕೇಸರಿ. ಬಣ್ಣ ಅರೆಬರೆ ಹಸಿ ಇರುವಾಗಲೇ ಟೇಪು ಎಳೆಯಬೇಕು, ಪೂರ್ತಿ ಒಣಗಿದರೆ ಅಂಚು ಇಲಿ ಕಡಿದ ಹಾಗೆ ಕಿತ್ತು ಬರುತ್ತದೆ. ಸರಿಯಾಗಿ ಬಂದರೆ ಬಣ್ಣ ಬಣ್ಣ ಸೇರುವಲ್ಲಿ ಬೆರಳಾಡಿಸಿದಾಗ ಒಂದು ಸಣ್ಣ ಮೆಟ್ಟಿಲು ಸಿಗುತ್ತದೆ, ಉಗುರಿಗೆ ಮಾತ್ರ ಗೊತ್ತಾಗುವಷ್ಟು. ಬಿಸಿಲಿಗೆ ಮೊದಲು ಸೋಲುವುದು ಕೇಸರಿ. ಕಡಲ ಗಾಳಿಗೆ ನಿಲ್ಲಿಸಿದ ವಿಮಾನಕ್ಕೆ ಈ ಕಷ್ಟ ಇನ್ನೂ ಜಾಸ್ತಿ.

ರೌಂಡಲ್ ಬಿಟ್ಟು ಇನ್ನೊಂದು ಗುರುತಿದೆ, ಬಾಲದ ಮೇಲೆ. ಮೂರು ಬಣ್ಣದ ಸಣ್ಣ ಪಟ್ಟಿ, ನಿಂತ ಗೆರೆಗಳು. ಇದಕ್ಕೆ ಫಿನ್ ಫ್ಲ್ಯಾಶ್ ಅಂತಾರೆ. ಇದು ಮೊದಲಿಗೆ ಬಾಲದ ತುದಿಯಲ್ಲಿ ಆಕಡೆ ಈಕಡೆ ಆಡುವ ರಡರ್ ಮೇಲೆ ಇತ್ತು. ದೋಣಿಯ ಚುಕ್ಕಾಣಿ ಇದ್ದ ಹಾಗೆ ಅದು. 1930ರ ದಶಕದಲ್ಲಿ ವಿಮಾನಗಳ ವೇಗ ಹೆಚ್ಚಾದಾಗ ಬ್ರಿಟಿಷರು ಅಲ್ಲಿಂದ ಬಣ್ಣ ತೆಗೆದರು. ಯಾಕೆ ಗೊತ್ತಾ? ಬಣ್ಣಕ್ಕೂ ತೂಕ ಇದೆ. ಆಡುವ ಭಾಗದ ಹಿಂದಂಚಿಗೆ ಒಂದಿಷ್ಟು ತೂಕ ಹೆಚ್ಚು ಬಿದ್ದರೂ ಸಮತೋಲ ತಪ್ಪುತ್ತದೆ, ವೇಗದಲ್ಲಿ ಅದು ಹುಚ್ಚು ಹಿಡಿದ ಹಾಗೆ ನಡುಗತೊಡಗುತ್ತದೆ. ಬಾಲವೇ ಕಿತ್ತುಹೋಗಬಹುದು. ಮುಂದೆ ಯುದ್ಧ ಶುರುವಾಗಿ ಗುರುತು ಮತ್ತೆ ಬೇಕಾದಾಗ, ಅಲ್ಲಾಡದ ಭಾಗವಾದ ಫಿನ್ ಮೇಲೆ ಬರೆದರು. ನಮ್ಮಲ್ಲೂ ಅಲ್ಲೇ. ರಡರಿಗೆ ಹೊಸ ಬಣ್ಣ ಹೊಡೆದರೆ ಅದನ್ನು ಬಿಚ್ಚಿ ಮತ್ತೆ ತೂಕ ಸರಿ ಮಾಡದೆ ಹಾರಿಸುವಂತಿಲ್ಲ.

ಈ ಫಿನ್ ಫ್ಲ್ಯಾಶ್ ವಿಷಯದಲ್ಲಿ ನನ್ನದೇ ಒಂದು ಎಡವಟ್ಟು ಇದೆ. ಕೆಲಸಕ್ಕೆ ಸೇರಿ ಎರಡು ವರ್ಷ ಆಗಿತ್ತೇನೋ. ಎಡಬದಿ ಬರೆದು ಮುಗಿಸಿದ್ದೆ. ಎಡದಿಂದ ಕೇಸರಿ, ಬಿಳಿ, ಹಸಿರು. ಬಲಬದಿಗೆ ಬಂದು ಅದೇ ಕ್ರಮದಲ್ಲಿ ಬರೆದೆ. ಓದುವಾಗ ಎಡದಿಂದ ಬಲಕ್ಕೆ ತಾನೇ? ಮರುದಿನ ಬೆಳಿಗ್ಗೆ ನಮ್ಮ ವಾರಂಟ್ ಆಫೀಸರ್ ಚಹಾ ಲೋಟ ಹಿಡಿದು ಬಂದವರು ನೋಡಿದರು, ಏನೂ ಅನ್ನಲಿಲ್ಲ. ಲೋಟ ಕೆಳಗಿಟ್ಟು ನನ್ನ ಕೈಗೆ ಉಜ್ಜುವ ಕಾಗದ ಕೊಟ್ಟರು, ಅಷ್ಟೆ. ನಿಯಮ ಇಷ್ಟು: ಯಾವ ಬದಿಯಾದರೂ ಕೇಸರಿ ವಿಮಾನದ ಮೂತಿಯ ಕಡೆಗಿರಬೇಕು. ಕೇಸರಿ ಮುಂದೆ ನಡೆಯುತ್ತದೆ, ಹಸಿರು ಹಿಂದೆ ಬರುತ್ತದೆ. ಬಲಬದಿಯಿಂದ ನೋಡುವವರಿಗೆ ಮೂತಿ ಬಲಕ್ಕೆ ಇರುತ್ತದೆ, ಹಾಗಾಗಿ ಎಡದಿಂದ ಹಸಿರು, ಬಿಳಿ, ಕೇಸರಿ. ಆ ದಿನ ಉಜ್ಜಿದ್ದು ಈಗಲೂ ಭುಜಕ್ಕೆ ನೆನಪಿದೆ.

ಇನ್ನು ನಿಮ್ಮ ಎರಡನೇ ಪ್ರಶ್ನೆ. ರೌಂಡಲ್ ವಾಯುಪಡೆ ಒಂದರದ್ದೇ ಸೊತ್ತಲ್ಲ. ಅದು ಹೇಳುವುದು "ಭಾರತದ ಸೇನೆಯ ವಿಮಾನ" ಅಂತ. ಭೂಸೇನೆಯ ಹೆಲಿಕಾಪ್ಟರಿನ ಮೇಲೂ ಇದೆ, ನೌಕಾಪಡೆಯ ವಿಮಾನದ ಮೇಲೂ ಇದೆ. ಯಾವ ಪಡೆ ಅಂತ ತಿಳಿಯೋಕೆ ಅಕ್ಷರ ನೋಡಬೇಕು. ನೌಕಾಪಡೆಯದ್ದಕ್ಕೆ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ನೌಸೇನಾ ಅಥವಾ ನೇವಿ ಅಂತ ಬರೆದಿರುತ್ತದೆ, ನಂಬರು "ಐಎನ್" ಅಕ್ಷರದಿಂದ ಶುರು. ಕೋಸ್ಟ್ ಗಾರ್ಡ್ ಆದರೆ "ಸಿಜಿ". ಕಾರವಾರ, ಅಂಕೋಲಾ ಕಡೆಯವರಿಗೆ ತಲೆ ಮೇಲೆ ಹಾರುವವು ಹೆಚ್ಚಾಗಿ ಈ ಎರಡೇ. ನೌಕಾನೆಲೆ ಪಕ್ಕದಲ್ಲೇ ಇದೆಯಲ್ಲ. ಪ್ರಯಾಣಿಕರ ವಿಮಾನಕ್ಕೆ ರೌಂಡಲ್ ಇರೋದೇ ಇಲ್ಲ, ಅದಕ್ಕೆ "ವಿಟಿ" ಅಕ್ಷರದ ನೋಂದಣಿ.

ನೀವು ನೋಡಿದ ಟುಪೊಲೆವ್ 142 ಕೂಡ ನೌಕಾಪಡೆಯದ್ದೇ. ಸಮುದ್ರದಡಿ ಜಲಾಂತರ್ಗಾಮಿ ಹುಡುಕೋದು ಅದರ ಕೆಲಸ. 8 ವಿಮಾನ 1988ರಲ್ಲಿ ಸೋವಿಯತ್ ಒಕ್ಕೂಟದಿಂದ ಬಂದವು. ಅಲ್ಲಿದ್ದಿದ್ದರೆ ಮೈಮೇಲೆ ಕೆಂಪು ನಕ್ಷತ್ರ ಇರುತ್ತಿತ್ತು, ಇಲ್ಲಿಗೆ ಬಂದು ಕೇಸರಿ ಬಿಳಿ ಹಸಿರಿನ ಬೊಟ್ಟು ಇಟ್ಟುಕೊಂಡವು. ಮೊದಲ ನಾಲ್ಕು ವರ್ಷ ಅವುಗಳ ಮನೆ ಗೋವಾದ ದಾಬೋಲಿಮ್, 1992ರಲ್ಲಿ ತಮಿಳುನಾಡಿನ ಅರಕ್ಕೋಣಂಗೆ ಹೋದವು. 4 ಎಂಜಿನ್, ಒಂದೊಂದಕ್ಕೆ ವಿರುದ್ಧ ದಿಕ್ಕಿಗೆ ತಿರುಗುವ ಎರಡೆರಡು ಪ್ರೊಪೆಲ್ಲರ್. ಅದರ ಗುಂಯ್‌ಗುಡುವ ಸದ್ದಿಗೆ ಹೋಲಿಕೆ ಇಲ್ಲ. ಮಾಜಾಳಿ, ಸದಾಶಿವಗಡ ಕಡೆಯ ಹಿರಿಯರನ್ನು ಕೇಳಿ ನೋಡಿ, ಯಾರಿಗಾದರೂ ನೆನಪಿರಬಹುದು. 2017ರ ಮಾರ್ಚ್ 29ರಂದು ಅರಕ್ಕೋಣಂನಲ್ಲಿ ಅವು ನಿವೃತ್ತಿಯಾದವು. ಅದರಲ್ಲೊಂದು ಬಿಚ್ಚಿ ಬಿಡಿಬಿಡಿಯಾಗಿ ಕಾರವಾರಕ್ಕೆ ಬಂದು, ಚಾಪಲ್ ಯುದ್ಧನೌಕೆಯ ನೆರೆಮನೆಯಾಗಿ ನಿಂತಿದೆ. 50 ಮೀಟರ್ ಅಗಲದ ರೆಕ್ಕೆ ರಸ್ತೆಯಲ್ಲಿ ಹಾಗೇ ಬರೋದು ಸಾಧ್ಯವೂ ಇರಲಿಲ್ಲ ಬಿಡಿ.

ನಂಬರಿನ ಮಾತು ಬಂತು. ನಮ್ಮ ಗಾಡಿಗಳಿಗೆ ಕಾರವಾರದ್ದಾದರೆ ಕೆಎ 30, ಶಿರಸಿಯದ್ದಾದರೆ ಕೆಎ 31 ಇರುವ ಹಾಗೆ ವಾಯುಪಡೆಯ ವಿಮಾನಕ್ಕೂ ಅಕ್ಷರ ಮತ್ತು ಅಂಕಿ. ಅಕ್ಷರ ನೋಡಿ ಯಾವ ಜಾತಿಯ ವಿಮಾನ ಅಂತ ಹೇಳಬಹುದು. ಸುಖೋಯ್ 30ಕ್ಕೆ ಎಸ್‌ಬಿ, ತೇಜಸ್‌ಗೆ ಎಲ್‌ಎ. ರಫೇಲ್‌ನಲ್ಲಿ ಎರಡು ಸೀಟಿನದ್ದಕ್ಕೆ ಆರ್‌ಬಿ, ಒಂದು ಸೀಟಿನದ್ದಕ್ಕೆ ಬಿಎಸ್. ಇವು ವಾಯುಪಡೆಯ ಮುಖ್ಯಸ್ಥರಾಗಿದ್ದ ಆರ್.ಕೆ.ಎಸ್. ಭದೌರಿಯಾ ಮತ್ತು ಬಿ.ಎಸ್. ಧನೋವಾ ಅವರ ಹೆಸರಿನ ಅಕ್ಷರ. ಮೊದಲ ರಫೇಲ್ ಆರ್‌ಬಿ 001 ಅನ್ನು 2019ರ ಅಕ್ಟೋಬರ್ 8ರಂದು ಫ್ರಾನ್ಸಿನಲ್ಲಿ ಒಪ್ಪಿಸಿಕೊಂಡಾಗ ರಕ್ಷಣಾ ಸಚಿವ ರಾಜನಾಥ್ ಸಿಂಗ್ ಅದರ ಮೈಮೇಲೆ ಓಂ ಬರೆದು, ತೆಂಗಿನಕಾಯಿ ಇಟ್ಟು, ಚಕ್ರದಡಿ ನಿಂಬೆಹಣ್ಣು ಇಡಿಸಿದ್ದರು. ದೇಶದ ತುಂಬಾ ಅದರ ಬಗ್ಗೆ ಚರ್ಚೆ. ಮಾರಿಕಾಂಬಾ ದೇವಸ್ಥಾನದ ಎದುರು ದಿನಾ ಹೊಸ ಸ್ಕೂಟರಿಗೆ ಅದನ್ನೇ ನೋಡುವ ಶಿರಸಿಯವರಿಗೆ ಅದರಲ್ಲಿ ಅಂಥದ್ದೇನೂ ಕಾಣಲಿಲ್ಲ ಅನ್ನಿ.

ಇನ್ನೊಂದು ನಂಬರು ನನಗೆ ಇಷ್ಟ, ವಿಪಿ 905. 1947ರ ಅಕ್ಟೋಬರ್ 27ರ ಬೆಳಿಗ್ಗೆ ಸೈನಿಕರನ್ನು ಹೊತ್ತು ಶ್ರೀನಗರದಲ್ಲಿ ಇಳಿದ ಡಕೋಟಾದ ನಂಬರು ಅದು. 2018ರಲ್ಲಿ ರಾಜೀವ್ ಚಂದ್ರಶೇಖರ್ ಅವರು ಹಳೇ ಡಕೋಟಾ ಒಂದನ್ನು ರಿಪೇರಿ ಮಾಡಿಸಿ ವಾಯುಪಡೆಗೆ ಉಡುಗೊರೆ ಕೊಟ್ಟಾಗ, ಅದರ ಮೇಲೆ ಅದೇ ನಂಬರು ಬರೆದರು. ಹೆಸರು ಪರಶುರಾಮ. ಕೊಡಲಿ ಬೀಸಿ ಸಮುದ್ರ ಹಿಂದೆ ಸರಿಸಿದವನ ಹೆಸರು ಅದು. ಕರಾವಳಿಯವರು ಆ ವಿಮಾನದ ಮೇಲೆ ಸ್ವಲ್ಪ ಹಕ್ಕು ಸಾಧಿಸಿದರೂ ತಪ್ಪಿಲ್ಲ!

ಧ್ವಜದ ವಿಷಯ ಬೇರೆಯೇ. ರೌಂಡಲ್ ವಿಮಾನಕ್ಕೆ, ಧ್ವಜ ನೆಲಕ್ಕೆ. ವಾಯುಪಡೆಯ ನೆಲೆಗಳಲ್ಲಿ ಬೆಳಿಗ್ಗೆ ಏರುವ, ಸೂರ್ಯ ಮುಳುಗುವಾಗ ಇಳಿಯುವ ಬಾವುಟ ಅದು. ತಿಳಿ ನೀಲಿ ಬಟ್ಟೆ. ಕಂಬದ ಕಡೆಯ ಮೇಲಿನ ಮೂಲೆಯಲ್ಲಿ ರಾಷ್ಟ್ರಧ್ವಜ, ಎದುರು ಬದಿಯ ಕೆಳಗೆ ರೌಂಡಲ್. ಇದೂ ಬ್ರಿಟಿಷರ ಅಚ್ಚಿನದ್ದೇ. ಅವರದ್ದರಲ್ಲಿ ಮೂಲೆಗೆ ಯೂನಿಯನ್ ಜ್ಯಾಕ್ ಇತ್ತು, 1950ರಲ್ಲಿ ನಾವು ಮೂಲೆಯನ್ನೂ ವೃತ್ತವನ್ನೂ ನಮ್ಮದು ಮಾಡಿಕೊಂಡೆವು.

ನೀವು ಓದಿದ್ದು ನಿಜ. 2023ರ ಅಕ್ಟೋಬರ್ 8ರಂದು, ವಾಯುಪಡೆ ದಿನಾಚರಣೆಯಲ್ಲಿ, ಪ್ರಯಾಗ್‌ರಾಜ್‌ನಲ್ಲಿ ಹೊಸ ಧ್ವಜ ಬಿಡುಗಡೆಯಾಯಿತು. ಬದಲಾದದ್ದು ಒಂದೇ. ಬಲಗಡೆಯ ಮೇಲಿನ ಮೂಲೆ ಖಾಲಿ ಇತ್ತಲ್ಲ, ಅಲ್ಲಿ ವಾಯುಪಡೆಯ ಲಾಂಛನ ಬಂತು. ಮೇಲೆ ಅಶೋಕನ ಸಿಂಹ, ಕೆಳಗೆ ರೆಕ್ಕೆ ಬಿಚ್ಚಿದ ಹಿಮಾಲಯದ ಹದ್ದು, ಸುತ್ತ ಭಾರತೀಯ ವಾಯುಸೇನಾ ಅಂತ ಬರಹ, ಕೆಳಗೆ "ನಭಃ ಸ್ಪೃಶಂ ದೀಪ್ತಂ". ಗೀತೆಯ 11ನೇ ಅಧ್ಯಾಯದ್ದು ಅದು. ವಿಶ್ವರೂಪ ಕಂಡು ಬೆದರಿದ ಅರ್ಜುನ "ಆಕಾಶ ಮುಟ್ಟಿ ಉರಿಯುತ್ತಿದ್ದೀಯ" ಅನ್ನುವ ಮಾತು. ನನಗೆ ಹಳೆಯದೇ ಚೆಂದ ಕಾಣುತ್ತಿತ್ತು, ಖಾಲಿ ಆಕಾಶ ಜಾಸ್ತಿ ಇತ್ತು ಅದರಲ್ಲಿ. ಅಷ್ಟು ಸಣ್ಣ ಹದ್ದು ಕಂಬದ ಕೆಳಗೆ ನಿಂತವನಿಗೆ ಎಷ್ಟು ಕಾಣುತ್ತದೆ? ಇದು ಹಳಬನ ಗೊಣಗಾಟ ಅಂದುಕೊಳ್ಳಿ.

ಕಾಣುವ ವಿಷಯದಲ್ಲಿ ನೌಕಾಪಡೆಯವರ ಪೇಚು ಇನ್ನೂ ಮಜವಾಗಿದೆ. ಅವರ ಬಿಳಿ ಧ್ವಜದ ಮೇಲೆ ಬ್ರಿಟಿಷರ ಕಾಲದ ಕೆಂಪು ಶಿಲುಬೆ ಉಳಿದುಕೊಂಡಿತ್ತು. 2001ರಲ್ಲಿ ಅದನ್ನು ತೆಗೆದು ನೀಲಿ ಲಾಂಛನ ಹಾಕಿದರು. ಸಮುದ್ರವೂ ನೀಲಿ, ಆಕಾಶವೂ ನೀಲಿ, ದೂರದ ಹಡಗಿನಿಂದ ನೋಡಿದರೆ ಗುರುತೇ ಸಿಗುವುದಿಲ್ಲ ಅಂತ ದೂರು ಬಂತು. 2004ರಲ್ಲಿ ಶಿಲುಬೆ ವಾಪಸ್! ಕೊನೆಗೆ 2022ರ ಸೆಪ್ಟೆಂಬರ್ 2ರಂದು, ಕೊಚ್ಚಿಯಲ್ಲಿ ವಿಕ್ರಾಂತ್ ಹಡಗು ಸೇವೆಗೆ ಸೇರಿದ ದಿನ, ಈಗಿನ ಧ್ವಜ ಬಂತು. ಶಿಲುಬೆ ಹೋಗಿ, ಶಿವಾಜಿ ಮಹಾರಾಜರ ಮುದ್ರೆಯಿಂದ ಪ್ರೇರಣೆ ಪಡೆದ ಎಂಟು ಮೂಲೆಯ ಚೌಕಟ್ಟು, ಚಿನ್ನದ ಬಣ್ಣದ ಅಂಚು. ಲಾಂಛನ ಈಗಲೂ ನೀಲಿಯೇ, ಆದರೆ ಆ ಚಿನ್ನದ ಅಂಚು ಅದನ್ನು ಎತ್ತಿ ಹಿಡಿಯುತ್ತದೆ. ಕಾರವಾರದ ಬಂದರಿನ ಕಡೆ ನೌಕಾಪಡೆಯ ಹಡಗು ಕಂಡರೆ ಹಿಂಭಾಗದ ಕಂಬ ನೋಡಿ.

ರಾಷ್ಟ್ರಧ್ವಜ ವಿಮಾನದ ಮೇಲೆ ಹೋಗುವುದೇ ಇಲ್ಲವಾ ಅಂತ ಕೇಳಬಹುದು. ಹೋಗುತ್ತದೆ. ಅತಿಗಣ್ಯರ ವಿಮಾನಕ್ಕೆ ಅಂತಲೇ ಧ್ವಜ ಸಂಹಿತೆಯಲ್ಲಿ ಒಂದು ಅಳತೆ ಇದೆ, 450 ಮಿಲಿಮೀಟರ್ ಉದ್ದ, 300 ಅಗಲ. ನಮ್ಮ ಪಕ್ಕದ ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ಧ್ವಜ ಹೊಲಿಯುತ್ತಾರಲ್ಲ, ಅವರ ಬಳಿ ಕೇಳಿದರೆ ಈ ಅಳತೆಗಳೆಲ್ಲ ಬಾಯಲ್ಲೇ ಇರುತ್ತವೆ. ಇನ್ನು ಜನವರಿ 26ಕ್ಕೆ ದೆಹಲಿಯಲ್ಲಿ ಎಂಐ 17 ಹೆಲಿಕಾಪ್ಟರುಗಳು ರಾಷ್ಟ್ರಧ್ವಜವನ್ನೂ ಮೂರು ಪಡೆಗಳ ಧ್ವಜವನ್ನೂ ಕೆಳಗೆ ತೂಗಿಕೊಂಡು ಬರುತ್ತವೆ. ಅಷ್ಟು ಗಾಳಿಗೆ ಬಟ್ಟೆ ಸುರುಳಿ ಸುತ್ತಿಕೊಳ್ಳದೆ ನೆಟ್ಟಗೆ ನಿಲ್ಲೋದು ತುದಿಗೆ ಕಟ್ಟಿದ ಭಾರದಿಂದ. ಬಲೆಯ ಅಂಚಿಗೆ ಸೀಸದ ಗುಂಡು ಕಟ್ಟುವ ನಮ್ಮ ಮೀನುಗಾರರಿಗೆ ಈ ಉಪಾಯ ಹೇಳಿಕೊಡಬೇಕಾಗಿಲ್ಲ.

ಮಗಳು ಟುಪೊಲೆವ್ ಬಿಟ್ಟು ಹೊಸ ವಿಮಾನ ಬರೆಯೋದಾದರೆ ಒಂದು ವ್ಯತ್ಯಾಸ ಗಮನಿಸಲಿ. ಹಳೇ ಫೋಟೋಗಳಲ್ಲಿ ರೌಂಡಲ್ ದೊಡ್ಡದು, ಎದ್ದು ಹೊಡೆಯುತ್ತದೆ. ಈಗಿನ ಯುದ್ಧವಿಮಾನಗಳಲ್ಲಿ ಚಿಕ್ಕದಾಗಿದೆ. ಈಗ "ನಾನು ನಿನ್ನವನು" ಅಂತ ಹೇಳೋಕೆ ರೇಡಿಯೋ ಇದೆ. ನೆಲದ ರೇಡಾರ್ ಕೇಳುತ್ತದೆ, ವಿಮಾನದೊಳಗಿನ ಪೆಟ್ಟಿಗೆ ಗುಟ್ಟಿನ ಸಂಕೇತದಲ್ಲಿ ಉತ್ತರ ಕೊಡುತ್ತದೆ, ಪೈಲಟ್‌ಗೆ ಗೊತ್ತೂ ಆಗುವುದಿಲ್ಲ. ಬೂದು ವಿಮಾನದ ಮೇಲೆ ದೊಡ್ಡ ಕೇಸರಿ ಬಳೆ ಇದ್ದರೆ ಗೆಳೆಯನಿಗಿಂತ ಮೊದಲು ವೈರಿಗೆ ಕಾಣುತ್ತದೆ. ಅದಕ್ಕೇ ಕೆಲವು ದೇಶಗಳು ಬಣ್ಣವನ್ನೇ ಬಿಟ್ಟು ಬೂದು ಬಣ್ಣದ ಮೇಲೆ ಬೂದು ಬಣ್ಣದಲ್ಲೇ ಬರೆಯುತ್ತವೆ. ಪೂರ್ತಿ ಅಳಿಸುವ ಹಾಗಿಲ್ಲ. ಯಾವ ದೇಶದ್ದು, ಸೇನೆಯದ್ದೋ ಅಲ್ಲವೋ ಅಂತ ಸೇನಾ ವಿಮಾನದ ಹೊರಮೈಯಲ್ಲಿ ಗುರುತು ಇರಬೇಕು ಅನ್ನೋದು ದೇಶಗಳೆಲ್ಲ ನಡೆಸಿಕೊಂಡು ಬಂದ ಪದ್ಧತಿ.

ಇದಕ್ಕೆ ತದ್ವಿರುದ್ಧ ಆಕಾಶದಲ್ಲಿ ಕಸರತ್ತು ತೋರಿಸುವ ನಮ್ಮ ವಾಯುಪಡೆಯ ಸೂರ್ಯಕಿರಣ ತಂಡ. 1996ರಲ್ಲಿ ಬೀದರ್‌ನಲ್ಲಿ ಹುಟ್ಟಿದ್ದು. ಕಾಣಬೇಕು ಅಂತಲೇ ಕೆಂಪು ಬಿಳಿ ಮೈ. ಮೊದಲು ಬೆಂಗಳೂರಿನ ಎಚ್‌ಎಎಲ್ ಮಾಡಿದ ಕಿರಣ್, ಈಗ ಹಾಕ್. ಒಂದರ ರೆಕ್ಕೆ ಇನ್ನೊಂದಕ್ಕೆ ತಾಗುವ ಹಾಗೆ ಒಂಬತ್ತು ವಿಮಾನ ಒಟ್ಟಿಗೆ ಮಗುಚಿದಾಗ ಹೊಟ್ಟೆಯೆಲ್ಲ ಮೇಲೆ ಬರುತ್ತದೆ, ರೆಕ್ಕೆಯ ಕೆಳಗಿನ ಬೊಟ್ಟೂ ಬರುತ್ತದೆ. ಒಂದೂ ಉಲ್ಟಾ ಕಾಣುವುದಿಲ್ಲ.

ಕೊನೆಗೆ ಬರೆಯುವ ಬಗೆ. ಕಂಪಾಸ್ ಇಲ್ಲದಿದ್ದರೆ ದೊಡ್ಡವರ ಬಳೆ, ಮಗುವಿನ ಬಳೆ, ಒಂದು ರೂಪಾಯಿ ನಾಣ್ಯ ಸಾಕು. ಮೊದಲು ಹೊರಗಿನ ಗೆರೆ, ಆಮೇಲೆ ಒಳಗಿನವು. ಬಿಳಿಯ ಜಾಗ ಕಾಗದವನ್ನೇ ಬಿಡಲಿ. ಹೊರಗೆ ನಿಜವಾದ ಕೇಸರಿಯೇ ಇರಲಿ, ಕೆಂಪು ಬೇಡ. ಕೆಂಪು ಹಾಕಿದರೆ ಅದು ಇಟಲಿಯ ರೌಂಡಲ್ ಆಗುತ್ತದೆ, ಅವರದ್ದೂ ಹಸಿರು ಒಳಗೆ, ಬಿಳಿ ನಡುವೆ. ವಿಮಾನವನ್ನು ಬಲಬದಿಯಿಂದ ಬರೆದು ಬಾಲದ ಪಟ್ಟಿಯನ್ನೂ ಹಾಕಿದರೆ ಎಡಕ್ಕೆ ಹಸಿರು ಬರುತ್ತದೆ. ಅದನ್ನೂ ಯಾರಾದರೂ ಉಲ್ಟಾ ಅಂದೇ ಅನ್ನುತ್ತಾರೆ. ಆಗ ಹೆದರಿ ತಿದ್ದೋದು ಬೇಡ, ನಾನು ಒಮ್ಮೆ ತಿದ್ದಿಯಾಗಿದೆ.